ಚಿಕ್ಕತಾಯಕ್ಕನ ಸೊಂಟದ ಕ್ಯಾನು

ಚಾಮರಾಜನಗರದ ಹೂವಿನ ಮಾರುಕಟ್ಟೆಗೆ ಚಂದಕವಾಡಿಯ ಚಿಕ್ಕತಾಯಕ್ಕ ಬಂದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಸೊಂಟದ ಮೇಲಿನ ಐದು ಲೀಟರಿನ ನೀರಿನ ಕ್ಯಾನು. ಮಧ್ಯಾಹ್ನದೊಳಗೆ ಅದು ಖಾಲಿ. ಗಳಿಗೆಗೊಮ್ಮೆ ಶೌಚಾಲಯಕ್ಕೆ ಓಟ.

"ನನ್ ಮೈಯೊಳ್ಗೆ ಕೆರೆ ಇಲ್ಲ ಕಣ್ಲಾ, ಬರೀ ಕಾಲ್ವೆ" ಎಂದು ತಾನೇ ನಗುತ್ತಿದ್ದಳು.

ಅವಳ ಜೊತೆ ಹೂವು ಕೊಂಡು ಮಾರುತ್ತಿದ್ದ ನನಗೆ ವ್ಯಾಪಾರ ಕಲಿಸಿದ್ದು ಆ ಓಟವೇ. ಗುಂಡ್ಲುಪೇಟೆ ಕಡೆಯ ರೈತ ಚೆಂಡುಹೂವಿನ ಬೆಲೆ ಇಳಿಸದೆ ಕೂತಾಗ, "ತಡೀಲಾ, ಬಂದೆ" ಎಂದು ಎದ್ದೇಬಿಡುತ್ತಿದ್ದಳು. ಬೇರೆ ಕಡೆ ಕೊಳ್ಳಲು ಹೋದಳೇನೋ ಎಂದು ಅವನಿಗೆ ಪುಕಪುಕ. ಅವಳು ಸೆರಗು ಸರಿಮಾಡಿಕೊಂಡು ಬರುವಷ್ಟರಲ್ಲಿ ತಾನೇ ಇಳಿದಿರುತ್ತಿದ್ದ. ಹೊಸದಾಗಿ ವ್ಯಾಪಾರಕ್ಕೆ ಬರುವವರಿಗೆ ನಾನು ಇಂದಿಗೂ ಹೇಳುವುದಿಷ್ಟೇ: ಮಾತು ಬೆಳೆಸಬೇಡಿ, ಎದ್ದು ಹೋಗಿ.

ಆದರೆ ಅವಳಿಗೆ ಮಗಳ ಮನೆಗೆ ಹೋಗಲಾಗುತ್ತಿರಲಿಲ್ಲ. ಮಗಳಿದ್ದದ್ದು ಸತ್ಯಮಂಗಲದಲ್ಲಿ. ಪುಣಜನೂರು ದಾಟಿದರೆ ಆನೆ ಕಾಡು, ಬಸ್ಸು ನಡುವೆ ನಿಲ್ಲಿಸುವುದಿಲ್ಲ. ಮೊಮ್ಮಗಳು ನಡೆದಾಡುತ್ತಿದ್ದರೂ ಅಜ್ಜಿ ನೋಡಿದ್ದು ಫೋನಿನಲ್ಲೇ.

"ಸಕ್ರೆ ಕಾಯ್ಲೆ ಇಲ್ಲ ಅಂದವ್ರೆ, ಇನ್ನೇನ್ ನೋಡ್ತಾರು ಬುಡು" ಎನ್ನುತ್ತಿದ್ದವಳನ್ನು ಕೊನೆಗೆ ನಾನೇ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ನಿಮ್ಮ ಮನೆಯಲ್ಲೂ ಹೀಗೆ ನೀರು ಕುಡಿಯುವವರಿದ್ದರೆ ತಡಮಾಡಬೇಡಿ. ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ ಹೇಳಿದರು: ಮೈಯಲ್ಲಿ ನೀರು ಹಿಡಿದಿಡುವ ಹಾರ್ಮೋನು ಇವರಿಗೆ ಸಾಲದು, ಅದೇ ಕೆಲಸ ಮಾಡುವ ಮಾತ್ರೆ ಇದೆ. "ಆದ್ರೆ ಅಮ್ಮಾ, ಹಳೇ ಅಭ್ಯಾಸಕ್ಕೆ ನೀರು ಸುರ್ಕೋಬೇಡಿ. ಬಾಯಾರಿದ್ರೆ ಮಾತ್ರ ಕುಡೀರಿ. ನೀರು ಒಳಗೇ ನಿಂತರೂ ಅಪಾಯ."

ಚಿಕ್ಕತಾಯಕ್ಕ ಮಾತ್ರೆಯನ್ನು ಅಂಗೈಲಿಟ್ಟು ನೋಡಿದಳು. "ಅಷ್ಟ್ ದೊಡ್ಡ ಕಾಲ್ವೆಗೆ ಇಷ್ಟೇ ಇಷ್ಟ್ ತೂಬಾ?"

ತೂಬು ಕೂತಿತು, ಓಟ ನಿಂತಿತು. ಡಾಕ್ಟರಮ್ಮ ಒಪ್ಪಿದ ಮೇಲೆ ಸತ್ಯಮಂಗಲದ ಬಸ್ಸು ಹತ್ತಿದೆವು. ಕ್ಯಾನು ಮಾತ್ರ ಬಿಟ್ಟು ಬರಲೊಲ್ಲಳು. ಪುಣಜನೂರಿನ ಚೆಕ್‌ಪೋಸ್ಟ್ ದಾಟುತ್ತಲೇ ನನ್ನ ತೋಳು ಹಿಡಿದಳು.

"ನಿಲ್ಸಲ್ವಂತೆ ಕಣ್ಲಾ!"

"ನಿಲ್ಸುದ್ರೆ ಆನೆ ಹತ್ಕತದೆ, ಸುಮ್ನೆ ಕೂತ್ಕೊಳಕ್ಕ."

ಘಾಟಿಯ ತಿರುವುಗಳನ್ನೆಲ್ಲ ಇಳಿದು ಬಸ್ಸು ನಿಂತಾಗ, ಕಾಡುದ್ದಕ್ಕೂ ತಡೆದುಕೊಂಡಿದ್ದ ಗಂಡಸರೆಲ್ಲ ಬಾಗಿಲಿಗೆ ನುಗ್ಗಿದೆವು. ಚಿಕ್ಕತಾಯಕ್ಕ ಕದಲಲಿಲ್ಲ. ಕಾಲು ನೀಡಿ ಕೂತು ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: "ಓಗ್ರಪ್ಪಾ, ನಿಧಾನ್ವಾಗಿ ಓಗ್ಬನ್ನಿ! ನಿಮ್ ಗಂಟೆಲ್ಲ ನಾನ್ ನೋಡ್ಕತೀನಿ!"

ಮಾರುಕಟ್ಟೆಗೆ ಅವಳು ಮತ್ತೆ ಬರಲಿಲ್ಲ, ಮಗಳ ಮನೆಯಲ್ಲೇ ಉಳಿದಳು. ನಾನು ಹೊರಟಾಗ ಬಾಗಿಲವರೆಗೂ ಬಂದು ಖಾಲಿ ಕ್ಯಾನನ್ನು ನನ್ನ ಕೈಗೆ ತುರುಕಿದಳು.

"ಇದ್ನ ನೀನೇ ಒತ್ಕಂಡೋಗ್ಲಾ, ಇಲ್ಲಿ ಜಾಗ ಇಲ್ಲ."

ಸೊಂಟದ ಮೇಲೆ ಮೊಮ್ಮಗಳು ಕೂತಿದ್ದಳು.