ಪ್ಲಾಸ್ಟಿಕ್ ಕೀಳದ ಮಾಸ್ಕ್

ಅಕ್ಕನ ಮೂಗುತಿ ಹಸಿರುಗಟ್ಟಿತ್ತು. ಚಿನ್ನದ್ದೆಂದು ಹೇಳಿ ಗಂಡ ಕೊಡಿಸಿದ್ದಂತೆ. ಕಬ್ಬಿಣಕ್ಕೆ ಲೇಪ ಹಾಕುವ ಬೊಮ್ಮಸಂದ್ರದ ನಮ್ಮ ಪ್ಲೇಟಿಂಗ್ ಕಂಪನಿಗೆ ಸೇರಿದ ಮೇಲೆ ಆಸಿಡ್ ತೊಟ್ಟಿಯ ಹೊಗೆಗೆ ಅದರ ಬಣ್ಣ ಬಯಲಾಯಿತು. "ನನ್ನ ಗಂಡನ ಸುಳ್ಳು ಹಿಡಿದಿದ್ದು ಈ ತೊಟ್ಟಿ ನೋಡವ್ವಾ," ಎಂದು ನಗುತ್ತಿದ್ದಳು. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು.

ಒಡಹುಟ್ಟಿದವಳಲ್ಲ, ಜೊತೆ ಕೆಲಸದವಳು; ರಾಯಚೂರು ಕಡೆಯವಳು. ಹೆಬ್ಬಗೋಡಿಯಲ್ಲಿ ಬಾಡಿಗೆ ಕೋಣೆ, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಕಬ್ಬಿಣದ ಬಿಡಿಭಾಗಗಳನ್ನು ಕೊಕ್ಕೆಗೆ ನೇತುಹಾಕಿ ಆಸಿಡ್‌ಗೆ ಇಳಿಸಿ, ಆಮೇಲೆ ನೀರಿನಲ್ಲಿ ತೊಳೆಯುವುದು ನಮ್ಮ ಕೆಲಸ. ಆಸಿಡ್ ತೊಟ್ಟಿ ನನ್ನ ಪಾಲಿಗೆ ಬಂದಿತ್ತು. ನಾನು ಬಸುರಿಯೆಂದು ತಿಳಿದ ದಿನ ಅಕ್ಕ ಯಾರನ್ನೂ ಕೇಳದೆ ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಹೊಟ್ಯಾಗ ಕೂಸು ಐತಿ, ನಿನಗ್ಯಾಕ ಈ ಹೊಗಿ? ನೀರಿನ ತೊಟ್ಟಿ ನಿಂದು, ಆಸಿಡ್ ನಂದು." ಹೆರಿಗೆಯಾಗಿ ನಾನು ವಾಪಸು ಬಂದ ಮೇಲೂ ಆ ಜಾಗ ಬಿಟ್ಟುಕೊಡಲಿಲ್ಲ.

ಕಂಪನಿಯಲ್ಲಿ ಮಾಸ್ಕ್ ಇರಲಿಲ್ಲವೆಂದಲ್ಲ. ಎರಡೂ ಕೆನ್ನೆಗೆ ಗಾಳಿ ಸೋಸುವ ಡಬ್ಬಿಯಿರುವ ರಬ್ಬರ್ ಮಾಸ್ಕ್‌ಗಳು ಮ್ಯಾನೇಜರ್ ಕೋಣೆಯ ಬೀರುವಿನಲ್ಲಿದ್ದವು. ಗಿರಾಕಿ ಕಂಪನಿಯವರು ತಪಾಸಣೆಗೆಂದು ಆಡಿಟ್‌ಗೆ ಬರುವ ದಿನ ಮಾತ್ರ ಅವನು ಬೀಗ ತೆಗೆಯುತ್ತಿದ್ದ. ಡಬ್ಬಿಗಳ ಬಾಯಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಗೇ ಇರುತ್ತಿತ್ತು. "ಕಿತ್ತುಗಿತ್ತೀರಾ, ಹುಷಾರ್! ಮುಂದಿನ ಆಡಿಟ್‌ಗೂ ಹೊಸದರ ಥರಾನೇ ಇರ್ಬೇಕು," ಎನ್ನುತ್ತಿದ್ದ.

ಆ ದಿನ ನಮಗೆ ಉಸಿರು ಕಟ್ಟುತ್ತಿತ್ತು. ಮಾಸ್ಕಿನ ಅಂಚಿನಿಂದ ನುಸುಳಿದ ಗಾಳಿಯೇ ಗತಿ. ಕೆಲಸ ಅರ್ಧಕ್ಕಿಳಿಯುತ್ತಿತ್ತು. ದಿನಾ ಮಾಸ್ಕ್ ಕೊಡಿ ಎಂದು ಅಕ್ಕ ಕೇಳಿದಾಗಲೆಲ್ಲ ಅವನು ಅದನ್ನೇ ಎತ್ತಿ ಆಡುತ್ತಿದ್ದ: "ಆಡಿಟ್ ದಿನ ಪ್ರೊಡಕ್ಷನ್ ನೋಡಿದ್ಯಲ್ಲಮ್ಮ? ಮಾಸ್ಕ್ ಹಾಕ್ಕೊಂಡು ರಾಣಿ ಥರ ನಿಂತ್ರೆ ಟಾರ್ಗೆಟ್ ನಿಮ್ಮಪ್ಪ ಬಂದು ಮಾಡ್ತಾನಾ?" ಮಾಸ್ಕ್ ಎಂದರೆ ಉಸಿರು ಕಟ್ಟುವ ವಸ್ತುವೆಂದು ನಾವೂ ನಂಬಿದ್ದೆವು. ಅಕ್ಕ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ದಿನ ನೂಕಿದಳು.

ಒಂದು ಆಡಿಟ್‌ಗೆ ಬಂದ ಮೇಡಂ ಅಕ್ಕನ ಮುಂದೆ ನಿಂತು, ಕೈ ಚಾಚಿ, ಡಬ್ಬಿಯ ಪ್ಲಾಸ್ಟಿಕ್ಕನ್ನು ಪರ್ ಎಂದು ಕಿತ್ತರು. "ಈಗ ಉಸ್ರು ತಗೊಳ್ಳಿ ಅಮ್ಮ," ಎಂದರು.

ಅಕ್ಕ ಎಳೆದುಕೊಂಡ ಆ ಉಸಿರಿನ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಆಮೇಲೆ ಮಾಸ್ಕ್ ಕಳಚಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಮ್ಯಾನೇಜರ್ ಕಡೆ ಬೆರಳು ತೋರಿಸಿ ಕೂಗಿದಳು: "ಇಂವಾ ಕೀಳಬ್ಯಾಡ್ರಿ ಅಂದಿದ್ದ! ಇಷ್ಟ್ ವರ್ಷ ನಮ್ಮ ಮೂಗು ಮುಚ್ಚಿಸಿ, ಕೆಲಸ ಆಗಂಗಿಲ್ಲ ಅಂತ ನಮಗೇ ಬೈದಾನ!" ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನದಿಂದ ಎಲ್ಲರಿಗೂ ಮಾಸ್ಕ್ ಬಂತು. ಕೆಮ್ಮಲು ಹೊರಗೋಡುವುದು ನಿಂತು, ಕೆಲಸ ಹಿಂದಿಗಿಂತ ಜಾಸ್ತಿಯೇ ಆಯಿತು. ಆ ಹೆಸರನ್ನೂ ಮ್ಯಾನೇಜರೇ ಹೊಡೆದುಕೊಂಡ. ಮಾಲೀಕರು ಅವನಿಗೆ ಶಾಲು ಹೊದಿಸಿದರು. ಅಕ್ಕನ ಶ್ವಾಸಕೋಶ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಆಸ್ಪತ್ರೆಯಲ್ಲಿ ಒಂದೊಂದು ಮಾತಿಗೂ ನಿಂತು ಹೇಳಿದಳು: "ಅವನ್ನ... ಬಿಡಬ್ಯಾಡ... ತಂಗಿ." ಅದೇ ವಾರ ತೀರಿಕೊಂಡಳು. ಸಾಯುವವರು ಎಲ್ಲರನ್ನೂ ಕ್ಷಮಿಸಿ ಹೋಗುತ್ತಾರೆ ಎನ್ನುತ್ತಾರೆ. ಅಕ್ಕ ಕ್ಷಮಿಸಲಿಲ್ಲ. ಸರಿಯಾಗಿಯೇ ಮಾಡಿದಳು.

ಈಗ ಅವಳ ಮಗಳು ಪರಿಹಾರಕ್ಕೆ ಕೇಸು ಹಾಕಿದ್ದಾಳೆ. ಸಾಕ್ಷಿ ನಾನು. ಮೊನ್ನೆ ಮ್ಯಾನೇಜರ್ ಸ್ವೀಟ್ ಬಾಕ್ಸ್ ಹಿಡಿದು ಚಂದಾಪುರದ ನಮ್ಮ ಮನೆಗೇ ಬಂದ. ಎಂದೂ ಇಲ್ಲದ ನಯದಿಂದ ಹೇಳಿದ: "ಆಗಿದ್ದು ಆಗೋಯ್ತು ಕಣಮ್ಮ. ನೀನು ಮಕ್ಕಳೊಂದಿಗಳು. ನಿಂಗ್ಯಾಕೆ ಕೋರ್ಟು, ಸಾಕ್ಷಿ ಎಲ್ಲಾ?"

ಒಳಗಿಂದ ನನ್ನ ಮಗಳು ಓಡಿ ಬಂದು ಸ್ವೀಟ್ ಬಾಕ್ಸಿಗೆ ಕೈ ಚಾಚಿದಳು. ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ.

"ಹೌದು ಸಾರ್, ಮಕ್ಕಳೊಂದಿಗಳೇ," ಎಂದೆ. "ಅದಕ್ಕೇ ಕೋರ್ಟಿಗೆ ಬರ್ತಿರೋದು."