ಪಕ್ಕದ ಮನೆಯ ತೋಟಾ

ಅಮೆರಿಕದ ಮೊಂಟಾನಾದ ಆ ಊರಿನಲ್ಲಿ ಹಲ್ಲುಜ್ಜುವ ಬ್ರಷ್ಷನ್ನಾದರೂ ಎರವಲು ಪಡೆದಾರು, ಇನ್ನೊಬ್ಬರು ಕೈಯಾರೆ ತುಂಬಿದ ತೋಟಾವನ್ನು ಮಾತ್ರ ತಮ್ಮ ಕೋವಿಗೆ ಹಾಕುವವರಲ್ಲ. ಮದ್ದು ಒಂದು ಚಿಟಿಕೆ ಹೆಚ್ಚಾದರೂ ಕೋವಿ ಸಿಡಿಯುವುದು ಹಿಡಿದವರ ಮುಖದ ಮುಂದೆಯೇ. ಹೀಗಿರುವಾಗ ಗುರಿ ಹೊಡೆಯುವ ಮೈದಾನದಲ್ಲಿ ತನ್ನ ಹೆಂಡತಿ ವರ್ನಾ, ಪಕ್ಕದ ಮನೆಯ ಆರ್ಲೋನ ಹಸಿರು ಡಬ್ಬಿ ತೆರೆದು ತೋಟಾ ತೆಗೆದದ್ದನ್ನು ಡೆಲ್ಮರ್ ಹಾಗನ್ ಕಣ್ಣಾರೆ ಕಂಡ. ಅವಳು ಮೂರು ಗುಂಡು ಹೊಡೆದಳು. ಗುರಿ ಹಲಗೆಯ ಮೂರು ತೂತುಗಳನ್ನೂ ಒಂದೇ ಬಿಸ್ಕತ್ತಿಟ್ಟು ಮುಚ್ಚಬಹುದಿತ್ತು.

"ಯಾರದ್ದೇ ಆ ತೋಟಾ?"

"ನಂದೇ," ಎಂದಳು ವರ್ನಾ, ತಿರುಗಿಯೂ ನೋಡದೆ.

ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ!

ಡೆಲ್ಮರ್ ಗೋಧಿ ಉಗ್ರಾಣದಲ್ಲಿ ದುಡಿದು ಮುದುಕನಾದವನು. ಬಿಡುವಿನ ವೇಳೆಯೆಲ್ಲ ಹಿತ್ತಲ ಷೆಡ್ಡಿನ ಮೇಜಿನ ಮುಂದೆ ಕಳೆದಿತ್ತು. ಹೊಡೆದು ಖಾಲಿಯಾದ ತೋಟಾದ ಹಿತ್ತಾಳೆ ಚಿಪ್ಪನ್ನು ತೊಳೆಯುವುದು, ಅಚ್ಚಿಗೆ ಒತ್ತಿ ಸರಿಪಡಿಸುವುದು, ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸುವುದು, ಮದ್ದು ಅಳೆದು ಸುರಿಯುವುದು, ಮೇಲೆ ಗುಂಡು ಒತ್ತುವುದು. ಊರಿನವರು ಅನುಮಾನ ಬಂದರೆ ಅವನ ಬಳಿಗೇ ಬರುತ್ತಿದ್ದರು. "ನನಗೆ ಒಂದೇ ಕೋವಿ, ಒಂದೇ ಮದ್ದು, ಒಬ್ಬಳೇ ಹೆಂಡತಿ" ಎಂದು ಅವನು ಕಾಫಿ ಅಂಗಡಿಯಲ್ಲಿ ಜಂಭ ಕೊಚ್ಚುತ್ತಿದ್ದ. ವರ್ನಾಳ ಸಣ್ಣ ನಳಿಗೆಯ ಕೋವಿಗೂ ತುಂಬಿಕೊಡೆಂದರೆ, "ಅಂಗಡೀಲಿ ಸಿಗುತ್ತಲ್ಲ, ತಗೋ" ಎನ್ನುತ್ತಿದ್ದ.

ಆರ್ಲೋ ಈ ಕಸುಬಿಗೆ ಕೈಹಾಕಿದ್ದು ಹೋದ ವರ್ಷ. ಅಷ್ಟರಲ್ಲೇ ನಾಲ್ಕು ಬಗೆಯ ಕೋವಿಗೆ ತುಂಬುತ್ತಾನಂತೆ. ಈಗ ಕಾಫಿ ಅಂಗಡಿಯಲ್ಲಿ ಜನ ಮುತ್ತುವುದು ಅವನನ್ನೇ. ಅದನ್ನು ಡೆಲ್ಮರ್ ಹೇಗೋ ನುಂಗಿಕೊಂಡಿದ್ದ. ಆದರೆ ಹೆಂಡತಿ ಕೆನ್ನೆ ಒತ್ತಿ ಗುರಿ ಹಿಡಿಯುವ ಕೋವಿಯೊಳಗೆ ಆ ನಿನ್ನೆ ಮೊನ್ನೆಯವನ ಮದ್ದು! ಅವಳು ಆರ್ಲೋನ ಜೊತೆ ಕುಣಿದಿದ್ದರೂ ಡೆಲ್ಮರನಿಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಜಿಂಕೆ ಬೇಟೆ ಶುರುವಾಗುವುದರೊಳಗೆ ಅವಳ ಕೋವಿಯಲ್ಲಿ ತನ್ನದೇ ತೋಟಾ ಇರಬೇಕೆಂದು ಅವನು ಹಟ ತೊಟ್ಟ. ಸಣ್ಣ ನಳಿಗೆಯ ಅಚ್ಚು ತಂದ, ಹೊಸ ಮದ್ದು ತಂದ. ಪಕ್ಕದ ಷೆಡ್ಡಿನಿಂದ ಆರ್ಲೋನ ಶಿಳ್ಳೆ ಕೇಳಿದಷ್ಟೂ ಇವನ ಕೈ ಚುರುಕಾಯಿತು. ಸಂಜೆಯೊಳಗೆ ಡಬ್ಬಿ ತುಂಬ ತೋಟಾ ಸಿದ್ಧವಾಯಿತು. ವರ್ನಾಳನ್ನು ಕೂಗಿ ಕರೆದ.

"ತಗೋ. ಇನ್ನು ಮೇಲೆ ಕಂಡವರ ಹತ್ರ ಕೈಯೊಡ್ಡಬೇಡ."

ಬಾಗಿಲಲ್ಲಿ ನಿಂತಿದ್ದ ವರ್ನಾ ಒಳಗೆ ಬಂದಳು. ಡಬ್ಬಿ ಮುಟ್ಟಲಿಲ್ಲ. ಮದ್ದು ಸುರಿಯುವ ಯಂತ್ರದ ಪಾರದರ್ಶಕ ಕೊಳವೆಗೆ ಕಣ್ಣಿಟ್ಟು ಬಗ್ಗಿದಳು.

"ಹಳೇದನ್ನ ಖಾಲಿ ಮಾಡದೇನೇ ಹೊಸದು ಸುರಿದ್ಯಾ, ಡೆಲ್?"

ಅವನೂ ಬಗ್ಗಿ ನೋಡಿದ. ಗಸಗಸೆಯಂತಹ ಹೊಸ ಮದ್ದಿನ ನಡುವೆ ತನ್ನ ದೊಡ್ಡ ಕೋವಿಯ ಕಡ್ಡಿ ಕಡ್ಡಿ ಮದ್ದು. ಎರಡು ಮದ್ದು ಬೆರೆಸಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದವನು ಅವನೇ. ಯಾವ ತೋಟಾದೊಳಗೆ ಏನು ಹೋಗಿದೆಯೋ ದೇವರೇ ಬಲ್ಲ. ಅವಳು ಕೆನ್ನೆ ಒತ್ತುವ ಜಾಗ ನೆನಪಾಗಿ ಅವನು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ಎಲ್ಲಾ ಬಿಚ್ಚಬೇಕು," ಎಂದ.

"ಹೂಂ. ಬಿಚ್ಚು."

"ಆರ್ಲೋ ಆಗಿದ್ರೆ ಇಂಥ ತಪ್ಪು ಮಾಡ್ತಿರ್ಲಿಲ್ಲ ಅಂತ ತಾನೆ ನಿನ್ ಮನಸ್ಸಲ್ಲಿ? ಅದಕ್ಕೇ ಅವನು ತುಂಬಿದ್ದನ್ನ ನಂಬಿದೆ."

"ಅವನು ಎಲ್ಲಿ ತುಂಬಿದ? ಡಬ್ಬಿ ಮಾತ್ರ ಅವನದ್ದು. ತೋಟಾ ನಂದು ಅಂತ ಅವತ್ತೇ ಹೇಳಲಿಲ್ವಾ? ಅವನ ಮೇಜಿನ ಮೇಲೆ ನಾನೇ ತುಂಬಿದ್ದು."

ಆ ಬಿಸ್ಕತ್ತಿನಗಲದಲ್ಲಿ ಮೂರು ತೂತು ಮಾಡಿದ್ದು ಇವಳೇ ತುಂಬಿದ ತೋಟಾ! ಡೆಲ್ಮರ್ ಅಷ್ಟು ಹತ್ತಿರ ಹತ್ತಿರ ಎಂದೂ ಹೊಡೆದವನಲ್ಲ. ಹೊಟ್ಟೆಕಿಚ್ಚು ಆರಲಿಲ್ಲ, ಪಕ್ಕದ ಮನೆಯಿಂದ ಎದ್ದು ತನ್ನ ಮನೆಗೇ ಬಂದು ಕೂತಿತು.

"ಹಾಗಾದ್ರೆ ಅವನೇ ಕಲಿಸಿದ್ದು," ಎಂದ, ಅದೊಂದಾದರೂ ನಿಜವಾಗಲಿ ಎಂಬಂತೆ.

"ಕಲಿತದ್ದು ನಿನ್ನ ನೋಡಿ. ಇಷ್ಟು ವರ್ಷ ಈ ಬಾಗಿಲಲ್ಲೇ ನಿಂತ್ಕೊಂಡು."

"ಮತ್ತೆ ಆರ್ಲೋ ಕೊಟ್ಟಿದ್ದೇನು?"

"ಕೂರೋಕೆ ಜಾಗ," ಎಂದಳು ವರ್ನಾ.