ಒಂದೇ ನಗು

ಶಹಾಪುರದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದ ಅವನು ಮೇಜಿನ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಲೇ ಮಾತಾಡುತ್ತಿದ್ದ. ಹಾಡು ಉದ್ದವಾಗಿ ದೃಶ್ಯ ಸಾಲದಿದ್ದರೆ, "ಇದ್ದದ್ದನ್ನೇ ತಿರುಗಿ ಹಾಕೋದ್ರಿ" ಎನ್ನುತ್ತಿದ್ದ.

ವಿದೇಶದ ಎಲೆಕ್ಟ್ರಾನಿಕ್ ಸಂಗೀತದ ಬ್ಯಾಂಡೊಂದು ತನ್ನ ಹಾಡಿಗೆ ಹೊಸ ದೃಶ್ಯ ಜೋಡಿಸುವ ರೀಮಿಕ್ಸ್ ವಿಡಿಯೊ ಸ್ಪರ್ಧೆಯನ್ನು ಅಭಿಮಾನಿಗಳಿಗೆ ಇಟ್ಟಿತ್ತು. ಅವನು ತಾನೇ ತೆಗೆದ ಹಳೆಯ ಮದುವೆ ವಿಡಿಯೊವೊಂದರಿಂದ ಮದುಮಗಳ ನಗುವನ್ನು ಅವರ ಹಾಡಿಗೆ ಕೂಡಿಸಿದ. ಆ ಹುಡುಗಿ ಗಂಡನ ಮನೆಯಲ್ಲಿ ಸುಟ್ಟು ಸತ್ತಿದ್ದಳು. ಕಳಿಸುವ ಮುಂಚೆ ಒಪ್ಪಿಗೆ ಕೇಳಲು ದೋರನಹಳ್ಳಿಯಿಂದ ಅವಳ ತಾಯಿಯನ್ನು ಕರೆಸಿದ. ಅವನ ಅಂಗಡಿಗೆ ಆಗಾಗ ಹೋಗುತ್ತಿದ್ದ ನಾನೂ ಅವತ್ತು ಅಲ್ಲಿದ್ದೆ.

ನೋಡುತ್ತ ನೋಡುತ್ತ ತಾಯಿಯ ಮುಖ ಅರಳಿತು. "ನನ್ನ ಮಗಳು ಅವತ್ತು ಇಷ್ಟು ನಕ್ಕಿದ್ಳೇನೊ ಯಪ್ಪಾ?"

ಅವನ ಬೆರಳು ನಿಂತಿತು. "ಇಲ್ಲವ್ವಾ. ಒಂದೇ ಸಲ ನಕ್ಕಿದ್ಳು. ಅದನ್ನೇ ತಿರುಗಿ ತಿರುಗಿ ಹಾಕೀನಿ."

ತಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. "ಈ ಮದುವಿ ಒಲ್ಲೆ ಅಂದಿದ್ಳಪ್ಪಾ. ನಾನೇ ಒಪ್ಪಿಸಿದ್ದೆ."